ಕೆಂಪು ಬೈಕಿನ ಹಿಂದಿನ ಸೀಟು

ಹೊಸದಾಗಿ ಮನೆಗೆ ಬಂದ ಕೆಂಪು ಸ್ಪೋರ್ಟ್ಸ್ ಬೈಕು ಪಕ್ಕದಲ್ಲಿದ್ದ ಹಳೇ ಮೊಪೆಡ್ಡಿಗೆ, “ನನಗೆ ಡಿಸ್ಕ್ ಬ್ರೇಕಿದೆ, ಡಿಜಿಟಲ್ ಮೀಟರಿದೆ, ಗಾಳಿ ಸೀಳುವ ಮೈಕಟ್ಟಿದೆ. ನಿನಗೇನಿದೆ?” ಎಂದಿತು.

“ವಯಸ್ಸಾಗಿದೆಯಪ್ಪ,” ಎಂದಿತು ಮೊಪೆಡ್ಡು.

ಅಷ್ಟರಲ್ಲಿ ಮನೆಯ ಅಜ್ಜಿ ಗಂಗಮ್ಮನಿಗೆ ಉಬ್ಬಸ ಕೆರಳಿತು. ಆಸ್ಪತ್ರೆಗೆ ಬೇಗ ಮುಟ್ಟಲೆಂದು ಮೊಮ್ಮಗ ಹಾಲೇಶ ಬೈಕನ್ನೇ ಹೊರಗೆ ತಂದ. ಬೈಕು ಬೀಗಿತು. ಆದರೆ ಅಜ್ಜಿ ಅದರ ಎತ್ತರದ ಹಿಂದಿನ ಸೀಟಿಗೆ ಮೂರು ಸಲ ಕಾಲೆತ್ತಿ ಸೋತಳು. “ಇದರ ಮೇಲೆ ಕೋಳಿ ಕೂರಬೇಕು ಕಣೋ!” ಎಂದು ಏದುಸಿರಿನಲ್ಲೇ ಗದರಿದಳು. ಹಾಲೇಶ ಅವಳನ್ನು ಮೊಪೆಡ್ಡಿನ ಮೇಲೆ ಕೂರಿಸಿಕೊಂಡು ಹೊರಟ.

ಸಂಜೆ ಅಜ್ಜಿ ಸಲೀಸಾಗಿ ಉಸಿರಾಡುತ್ತ ಮರಳಿದಳು. ಬೈಕು ನಾಚಿ ನಕ್ಕಿತು: “ಅಣ್ಣಾ, ನಿಂತಾಗಲೂ ಓಡುವಂತೆ ಕಾಣುತ್ತೇನೆಂದು ಜನ ನನ್ನನ್ನು ಹೊಗಳುತ್ತಾರೆ. ಓಡಬೇಕಾದಾಗ ನಿಂತೇ ಬಿಟ್ಟೆ ನೋಡು!”