ಉಣ್ಣೆ ತುರುಕಿದ ಗಂಟೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ತರ್ಕಶಾಸ್ತ್ರ ಕಲಿಸುತ್ತಿದ್ದ ಚೆನ್ನಾಜಮ್ಮ ಮೇಡಂ. ನಮ್ಮ ಕಾಲೇಜಿನ ಓದುವ ಕೋಣೆಗೆ ಕ್ಯಾಮೆರಾ ಹಾಕಿದ ವಾರ ಅದು. ಅವರಿಗೆ ಯಾರು ಹೇಳಿದ್ದರೋ, ನಾನು ಕೇಳಲಿಲ್ಲ.

ಶಿಷ್ಯನೊಬ್ಬ ಗುರುವನ್ನು ಕೇಳಿದ: "ನಾನು ಯಾವ ತಪ್ಪೂ ಮಾಡಿಲ್ಲ. ಅರಸ ನನ್ನ ಮೇಲೆ ಕಣ್ಣಿಟ್ಟರೆ ನನಗೇನು ನಷ್ಟ?"

ಗುರು ಹೇಳಿದರು:

ಒಂದು ಕುರಿಗಾಹಿಗಳ ಊರು. ಅಲ್ಲಿ ಮುದುಕನೊಬ್ಬ ಮಂಜಿನಲ್ಲಿ ದಾರಿ ತಪ್ಪಿ ಸತ್ತ. ಮರುದಿನವೇ ಅರಸನ ಅಧಿಕಾರಿ ಬಂದ. "ನಿಮ್ಮ ಕುರಿಗಳಿಗಿರುವ ಗಂಟೆ ನಿಮಗೂ ಇದ್ದಿದ್ದರೆ ಅವನನ್ನು ಹುಡುಕಬಹುದಿತ್ತು. ಬಲವಂತವೇನಿಲ್ಲ. ಒಪ್ಪಿದವರು ಕಟ್ಟಿಸಿಕೊಳ್ಳಿ" ಎಂದ.

ಗಂಟೆಯ ಉಪಯೋಗ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಲ್ಲರೂ ಒಪ್ಪಿದರು. ಹಿಂದೆಮುಂದೆ ನೋಡಿದ ಒಬ್ಬಿಬ್ಬರನ್ನು ಉಳಿದವರು, "ಏನಪ್ಪಾ, ಕುರಿ ಕದಿಯುವ ಯೋಚನೆಯೇನು?" ಎಂದು ಛೇಡಿಸಿದರು. ಒಬ್ಬಳು ಕುರಿಗಾಹಿಯಂತೂ "ನನ್ನದು ಇಂಪಾಗಿರಲಿ" ಎಂದು ಆರಿಸಿ ತೆಗೆದುಕೊಂಡಳು. ಕಮ್ಮಾರ ಗಂಟೆಯ ಬಳೆಯನ್ನು ಒಬ್ಬೊಬ್ಬರ ಕಾಲಿಗೂ ಬಡಿದು ಬಿಗಿದ. ಬಿಚ್ಚಲು ಬರುವಂತಿರಲಿಲ್ಲ. ಬಿಚ್ಚುವ ಮಾತನ್ನು ಯಾರೂ ಎತ್ತಲೂ ಇಲ್ಲ.

ವರ್ಷ ಕಳೆಯಿತು. ಅರಸ ಮೇವಿನ ಗುಡ್ಡಕ್ಕೆ ಬೇಟೆಗೆಂದು ಬೇಲಿ ಹಾಕಿಸಿದ. ಇಂಪಾದ ಗಂಟೆ ಆರಿಸಿಕೊಂಡಿದ್ದವಳ ತಮ್ಮ ಊರ ನಡುವೆ ನಿಂತು, "ಹುಲ್ಲು ಬೆಳೆಸಿದವನು ಅರಸನಲ್ಲ" ಎಂದುಬಿಟ್ಟ. ಅಂದೇ ಸೈನಿಕರು ಅವನನ್ನು ಹುಡುಕತೊಡಗಿದರು. ಅವನು ಕಲ್ಲಿಗೆ ಉಜ್ಜಿ ಬಳೆ ಮುರಿದು, ಗಂಟೆ ಎಸೆದು, ಒಂದು ಗವಿ ಸೇರಿದ. ಜಾಗ ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಅವಳು ರೊಟ್ಟಿ ಒಯ್ಯದಿದ್ದರೆ ಅವನಿಗೆ ಉಪವಾಸ.

ಬೆಳೆದ ಹೊಲದ ಬದಿಯಲ್ಲಿ ಕುರಿ ದಾಟಿಸುವಾಗ ಹೊಲದವನಿಗೆ ಕೇಳಿಸದಂತೆ ಗಂಟೆಯೊಳಗೆ ಉಣ್ಣೆ ತುರುಕುವುದು ಕುರಿಗಾಹಿಗಳೆಲ್ಲ ಬಲ್ಲ, ಯಾರೂ ಒಪ್ಪಿಕೊಳ್ಳದ ಉಪಾಯ. ಮೂರನೆಯ ದಿನ ಮಧ್ಯಾಹ್ನ ಅವಳು ಕುರಿಗಳನ್ನು ಇಳಿಜಾರಿನಲ್ಲಿ ಮೇಯಲು ಬಿಟ್ಟು, ಕಾಲಿನ ಗಂಟೆಗೆ ಉಣ್ಣೆ ತುರುಕಿ, ಸದ್ದಿಲ್ಲದೆ ಗವಿಯತ್ತ ನಡೆದಳು.

ತಮ್ಮ ಮೊದಲ ತುತ್ತು ಮುರಿಯುವಷ್ಟರಲ್ಲಿ, ಊರವರ ಗಂಟೆಗಳಿಗೆ ಕಿವಿಗೊಟ್ಟಿರಲೆಂದು ಅರಸ ನೇಮಿಸಿದ್ದ ಕಾವಲಿನವನು ಸೈನಿಕರೊಡನೆ ಗವಿಯ ಬಾಯಲ್ಲಿ ನಿಂತಿದ್ದ.

"ಇಷ್ಟು ಗಂಟೆಗಳ ನಡುವೆ ನನ್ನದು ನಿನಗೆ ಹೇಗೆ ಕೇಳಿಸಿತು?" ಎಂದಳು ಅವಳು.

"ಕೇಳಿಸಲಿಲ್ಲ ಅಕ್ಕಾ, ಅದಕ್ಕೇ ನಿನ್ನ ಹಿಂದೆ ಬಂದೆ. ನಾನೂ ಕುರಿ ಕಾದವನೇ. ಸದ್ದು ಮಾಡುವ ಗಂಟೆಗೆ ನಾವು ಯಾವತ್ತಾದರೂ ತಲೆ ಎತ್ತಿದ್ದೇವೆಯೇ? ಸದ್ದು ನಿಂತರೆ ತಾನೇ ಎದ್ದು ಓಡುವುದು!"

ತಮ್ಮನನ್ನು ಎಳೆದೊಯ್ದರು. ಅವನು ಮರಳಿ ಬರಲಿಲ್ಲ. ಅವಳ ಗಂಟೆಯ ಉಣ್ಣೆಯನ್ನು ಕಾವಲಿನವನೇ ಕಿತ್ತು ತೆಗೆದ.

ಶಿಷ್ಯ, "ಅಂದರೆ ಅರಸ ಅವರನ್ನೂ ಕುರಿಗಳೆಂದೇ ತಿಳಿದ" ಎಂದ.

ಗುರು ಹೇಳಿದರು: "ಗಂಟೆ ಕಟ್ಟುವಾಗ ಕುರಿಯ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ, ಇವರನ್ನು ಕೇಳಿದ್ದರು, ಇವರೇ ಕಾಲು ಚಾಚಿದ್ದರು."



ನೀವೂ ಇದನ್ನು ಇನ್ನೊಬ್ಬರಿಗೆ ಹೇಳಿ. ಫೋನಿನಲ್ಲಿ ಕಳಿಸಬೇಡಿ, ಎದುರು ಕೂತು ಹೇಳಿ.