ಸೊಟ್ಟ ಸೌಟಿನ ಪ್ರಾರ್ಥನೆ

“ಮತ್ತೆ ನನ್ನ ಪ್ರಾರ್ಥನೆ ಕೆಡಿಸಿದೆಯಾ?” ಎಂದು ಚರ್ಚಿನ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದ್ದ ಸೊಟ್ಟ ಸೌಟಕ್ಕ ರೇಗಿದಳು.

“ಶುಭ ಶುಕ್ರವಾರದ ಗಂಜಿಗೆ ಜನ ಸಾಲು ನಿಂತಿದ್ದಾರೆ, ಬಾ ಅಕ್ಕಾ,” ಎಂದಿತು ಹಂಡೆಯ ಮುಚ್ಚಳ. “ನೆಟ್ಟಗಿರುವ ಸೌಟುಗಳಿಗೆ ಬರೀ ತಿಳಿನೀರು ಸಿಗುತ್ತಿದೆ. ಹಿಂದೆ ನಿಂತವರಿಗೆ ಒಂದಗುಳೂ ಇಲ್ಲ.”

“ಈ ಕತ್ತು ಹೊತ್ತು ಬಂದರೆ ನಗುತ್ತಾರೆ. ದೇವರು ಮೊದಲು ನೆಟ್ಟಗೆ ಮಾಡಲಿ.”

“ಹಸಿದವರು ನಿನ್ನ ಕತ್ತು ನೋಡುತ್ತಾರೋ, ತಮ್ಮ ಬಟ್ಟಲು ನೋಡುತ್ತಾರೋ?”

ಸೌಟಕ್ಕ ಗೊಣಗುತ್ತಲೇ ಇಳಿದಳು. ಆ ಸೊಟ್ಟ ಕತ್ತು ಹೊಟ್ಟೆ ಉಬ್ಬಿದ ಹಂಡೆಯ ತಳದ ಅಂಚಿಗೆ ಸರಿಯಾಗಿ ಹೊಕ್ಕಿತು. ಅಲ್ಲಿ ಕೂತಿದ್ದ ಅನ್ನ ಮೇಲೆ ಬಂದು, ಸಾಲಿನ ಕೊನೆಯ ಅಜ್ಜಿಯ ಬಟ್ಟಲನ್ನೂ ತುಂಬಿತು. ಸೌಟಕ್ಕನಿಗೆ ಎಂದಿಲ್ಲದ ಹಿಗ್ಗು.

ಮುಚ್ಚಳ ಮೆಲ್ಲಗೆ ಕೇಳಿತು: “ಅಕ್ಕಾ, ಇಷ್ಟು ವರ್ಷ ಕತ್ತು ನೆಟ್ಟಗಾಗಲೆಂದು ಬೇಡಿಕೊಂಡದ್ದು ಯಾರಿಗೋಸ್ಕರ?”