ಚಿಟಿಕೆ ಪುಡಿ, ಹಿಡಿ ಪುಡಿ

ಹತ್ತಿರ ಬನ್ನಿ ಮಕ್ಕಳೇ, ಇನ್ನೂ ಹತ್ತಿರ. ಈ ಕಥೆ ಹೇಳುವಾಗ ಇವತ್ತಿಗೂ ನನ್ನ ಎದೆ ಝಲ್ ಅನ್ನುತ್ತೆ.

ಒಂದು ರಾಜ್ಯ. ಅಲ್ಲೊಬ್ಬ ರಾಜ. ಅಲ್ಲಿನ ಪದ್ಧತಿ ಕೇಳಿದರೆ ನೀವೂ ಬಾಯಿ ಬಿಡ್ತೀರಿ. ವರ್ಷಕ್ಕೊಂದು ಸಲ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ರಾಜ ಕೂರಬೇಕು, ಇನ್ನೊಂದರಲ್ಲಿ ಅರಮನೆ ತೋಟದ ಬದನೆಕಾಯಿ ಸುರಿಯಬೇಕು. ಸಮ ತೂಗಿದರೆ ಕಾಯೆಲ್ಲ ಛತ್ರದ ಬಡವರಿಗೆ, ಬೆಳೆದವರ ಕೈಗೆ ಬೆಳ್ಳಿ ಕಡಗ. ತೂಗದಿದ್ದರೆ ತೋಟದವಳು ಅವತ್ತೇ ರಾಜ್ಯ ಬಿಡಬೇಕು! ರಾಜನಿಗೋ ಹೋಳಿಗೆ ಅಂದರೆ ಪ್ರಾಣ. ವರ್ಷ ವರ್ಷ ದಪ್ಪ ಆಗುತ್ತಲೇ ಇದ್ದ.

ತೋಟದವಳ ಹೆಸರು ತಿರುಮಕ್ಕ. ಅವಳ ಅಜ್ಜಿ, ಅವಳ ತಾಯಿ, ಈಗ ಅವಳು, ಮೂರು ತಲೆಯಿಂದ ಅದೇ ತೋಟ. ಬೇರೆ ಊರು ಅವಳಿಗೆ ಗೊತ್ತೇ ಇಲ್ಲ.

ಆ ವರ್ಷ ಬದನೆ ಸಸಿಗಳು ಬಿಳಿಚಿಕೊಂಡವು. ಗೊಬ್ಬರ ಹಾಕಿದಳು, ಏಳಲಿಲ್ಲ. ನೀರು ಕಟ್ಟಿದಳು, ಏಳಲಿಲ್ಲ. ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ನರ ಹಸಿರು, ನಡುವೆಲ್ಲ ಹಳದಿ.

"ಅನ್ನ ಐತೆ, ಉಪ್ಪಿಲ್ಲ ಕಣವ್ವ ನಿಂಗೆ. ತಡಿ, ಎಲೆಗೇ ಉಣಿಸ್ತೀನಿ" ಅಂದಳು.

ಅಜ್ಜಿಯ ಚೀಲ ತೆಗೆದಳು. ಸತುವಿನ ಉಪ್ಪು, ಅನ್ನಭೇದಿ ಅನ್ನೋ ಕಬ್ಬಿಣದ ಉಪ್ಪು, ಬಿಳಿಗಾರ ಬೆರೆಸಿದ ಪುಡಿ ಅದು. ಒಂದು ಕೊಡ ನೀರಿಗೆ ಒಂದೇ ಚಿಟಿಕೆ. ಬಿಸಿಲು ಇಳಿದ ಮೇಲೆ ಹುಲ್ಲಿನ ಕುಂಚ ಅದ್ದಿ ಎಲೆಯ ಮೇಲೂ ಕೆಳಗೂ ಚಿಮುಕಿಸಿದಳು. ಸಸಿ ಬೇರು ಹಿಡಿದಾಗ ಒಮ್ಮೆ, ಮೊಗ್ಗು ಬಂದಾಗ ಒಮ್ಮೆ, ಕಾಯಿ ಬಟಾಣಿಯಷ್ಟಾದಾಗ ಒಮ್ಮೆ. ಎಲೆ ಕಪ್ಪು ಹಸಿರಾಯಿತು, ಉದುರುತ್ತಿದ್ದ ಹೂವು ನಿಂತಿತು.

ಇದನ್ನೆಲ್ಲ ಬೇಲಿ ಸಂದಿಯಿಂದ ನೋಡಿದವನು ತೋಟದ ಪಾರುಪತ್ಯಗಾರ ಚೆಲುವಯ್ಯ. ಬೆಳೆದವನು ತಾನೇ ಅಂತ ಹೇಳಿ ಆ ಬೆಳ್ಳಿ ಕಡಗ ಗಿಟ್ಟಿಸೋ ಆಸೆ ಅವನಿಗೆ. "ಚಿಟಿಕೆಗೇ ಹಿಂಗಾದ್ರೆ ಹಿಡಿಗೆ ಹೆಂಗಾಗಬೇಡ!" ಅಂದುಕೊಂಡ. ಚೀಲ ಕದ್ದ. ತಿರುಮಕ್ಕ ಊಟಕ್ಕೆ ಹೋದ ಹೊತ್ತಲ್ಲಿ, ನೆತ್ತಿ ಸುಡೋ ಬಿಸಿಲಲ್ಲಿ, ಕೊಡಕ್ಕೊಂದು ಹಿಡಿ ಕಲಸಿ ಸುರಿದ. ತೋಟದ ಏಳು ಪಾತಿಯಲ್ಲಿ ಆರು ಮುಗಿಯಿತು, ಪುಡಿಯೂ ಮುಗಿಯಿತು. ಏಳನೇ ಪಾತಿ ಉಳಿಯಿತು.

ಮಾರನೇ ದಿನ ಬೆಳಿಗ್ಗೆ... ಅಯ್ಯಯ್ಯೋ, ಹೇಗೆ ಹೇಳಲಿ ಮಕ್ಕಳೇ! ಆರೂ ಪಾತಿ ಸುಟ್ಟ ಹಪ್ಪಳದಂತೆ ಮುರುಟಿ ಹೋಗಿತ್ತು. ಹೂವಿಲ್ಲ, ಹೀಚಿಲ್ಲ. ನೀರು ಹೊರುವವರು ಕೊಡ ಕೆಳಗೆ ಬಿಟ್ಟರು. ಸುದ್ದಿ ಕೇಳಿ ರಾಜನ ಜೊತೆ ಓಡಿ ಬಂದ ರಾಣಿ ಬಾಯಿಗೆ ಸೆರಗು ಒತ್ತಿಕೊಂಡಳು. ತಿರುಮಕ್ಕನಿಗೆ ಅಳು ಕೂಡ ಬರಲಿಲ್ಲ, ಕೂತಲ್ಲೇ ಕೂತಳು. ತೂಕಕ್ಕೆ ಇನ್ನು ಎರಡೇ ತಿಂಗಳು.

ಚೆಲುವಯ್ಯನಿಗೂ ಗಾಬರಿ. ಆದರೆ ನಾಲಿಗೆ ಸುಮ್ಮನಿರಬೇಕಲ್ಲ! "ಮಾಸ್ವಾಮಿ, ಈ ಆರು ಪಾತಿಗೆ ವಿಷ ಹಾಕಿದೋಳು ಇವ್ಳೇ. ಆ ಏಳನೇದಕ್ಕೆ ಔಷಧಿ ಹೊಡೆದೋನು ನಾನು" ಅಂದ.

ರಾಜ ಹುಬ್ಬು ಗಂಟಿಕ್ಕಿದ. "ಏನು ಹೇಳ್ತೀಯಮ್ಮ?"

ತಿರುಮಕ್ಕ ಎದ್ದು ಕೈಮುಗಿದಳು. "ಬುದ್ಧಿ, ಅಯ್ನೋರ ಔಷಧಿ ಅಷ್ಟು ಚೆಂದಾಗಿದ್ರೆ ನಾನೂ ಕಲೀತೀನಿ. ಏಳನೇ ಪಾತಿ ಮೂಲೇಲಿ ಒಂದು ಗಿಡ ಐತೆ. ಅದೊಂದಕ್ಕೆ ಎಲ್ಲಾರ ಮುಂದೆ ಹೊಡೆದು ತೋರಿಸ್ಲಿ. ಅಯ್ನೋರ ಪುಡಿ ಮುಗಿದಿದ್ರೆ ನನ್ನ ಮನೇಲಿ ಅಜ್ಜಿ ಪುಡಿ ಇನ್ನೊಂದು ಗಂಟು ಐತೆ, ತತ್ತೀನಿ."

"ಯಾವಾಗ ಹೊಡೀತೀರಿ ಅಯ್ಯಾ?" ಅಂತ ಚೆಲುವಯ್ಯನ ಕಡೆ ತಿರುಗಿದಳು.

"ಇನ್ಯಾವಾಗ? ನಡು ಮಧ್ಯಾಹ್ನ!"

"ಎಷ್ಟು ಪುಡಿ?"

"ಕೊಡಕ್ಕೊಂದು ಹಿಡಿ!"

"ಅಳತೆ ತಪ್ಪಿಲ್ಲ ತಾನೇ?"

"ನನ್ನ ಕೈಯೇ ಅಳತೆ ಕಣಮ್ಮ! ನಿನ್ನೆ ಬಿದ್ದಿದ್ದು ಇವಳ ವಿಷದ ಪುಡಿ, ಇದು ಒಳ್ಳೇದು" ಅಂತ ಎದೆ ತಟ್ಟಿ, ಅವಳು ತಂದ ಪುಡಿಯನ್ನು ನಡು ಮಧ್ಯಾಹ್ನ ಎಲ್ಲರ ಮುಂದೆ ಹೊಡೆದೇ ಬಿಟ್ಟ. ನಿನ್ನೆ ಕೆಟ್ಟಿದ್ದು ಪುಡಿಯಲ್ಲ, ತನ್ನ ಕೈ ಅಂತ ಅವನ ತಲೆಗೆ ಹೊಳೆಯಲೇ ಇಲ್ಲ!

ಮಾರನೇ ಬೆಳಿಗ್ಗೆ ಆ ಗಿಡವೂ ಸುಟ್ಟ ಹಪ್ಪಳ. ಅದೇ ಕಲೆ, ಅದೇ ಮುರುಟು. ಅದೇ ಪುಡಿಯನ್ನು ತಿರುಮಕ್ಕ ಚಿಟಿಕೆ ಲೆಕ್ಕದಲ್ಲಿ ಚಿಮುಕಿಸಿದ್ದ ಪಕ್ಕದ ಗಿಡಗಳು ಹಸಿರಾಗಿ ನಿಂತಿದ್ದವು. ರಾಜ ಗಿಡ ನೋಡಿದ, ಆರು ಪಾತಿ ನೋಡಿದ, ಚೆಲುವಯ್ಯನ ಮುಖ ನೋಡಿದ. "ಚೀಲ ಕದ್ದೋನು ನಾನೇ ಬುದ್ಧಿ" ಅಂತ ಚೆಲುವಯ್ಯ ಧೊಪ್ಪನೆ ಕಾಲಿಗೆ ಬಿದ್ದ.

"ಪಾರುಪತ್ಯ ಸಾಕು. ಇನ್ನು ಇವಳ ಕೊಡ ಹೊತ್ಕೊಂಡಿರು" ಅಂದ ರಾಜ. "ಆದ್ರೆ ತೂಕದ ಪದ್ಧತಿ ನನ್ನ ತಾತನದು ತಿರುಮಕ್ಕ, ಅದನ್ನ ಮುರಿಯೋಕಾಗಲ್ಲ."

ತಿರುಮಕ್ಕ ಸುಟ್ಟ ಕೊಂಬೆ ಕತ್ತರಿಸಿದಳು, ಬರೀ ನೀರಲ್ಲಿ ಗಿಡ ತೊಳೆದಳು. ಚಿಗುರು ಬಂದ ಮೇಲೆ ಮತ್ತೆ ತಂಪು ಹೊತ್ತು, ಮತ್ತೆ ಒಂದೇ ಚಿಟಿಕೆ.

ತೂಕದ ದಿನ ಬಂತು. ಕಾಯೆಲ್ಲ ತಟ್ಟೆಗೆ ಬಿತ್ತು. ಆದರೂ ರಾಜನ ತಟ್ಟೆ ಕೂದಲೆಳೆಯಷ್ಟು ಕೆಳಗೇ! ತಿರುಮಕ್ಕನ ಕಣ್ಣು ತೋಟದ ಕಡೆ ತಿರುಗಿತು. ಬಿಟ್ಟು ಹೋಗುವ ಮುಂಚೆ ಒಂದು ಸಲ ನೋಡಬೇಕಲ್ಲ.

ಅಷ್ಟರಲ್ಲಿ ಚೆಲುವಯ್ಯ ಎದ್ದೂಬಿದ್ದೂ ತೋಟಕ್ಕೆ ಓಡಿದ. ಎಲ್ಲರ ಮುಂದೆ ತಾನೇ ಸುಟ್ಟಿದ್ದ ಆ ಮೂಲೆ ಗಿಡ ಚಿಗುರಿ ಒಂದೇ ಒಂದು ಕಾಯಿ ಬಿಟ್ಟಿತ್ತು, ಅಂಗೈಯಗಲ. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅದನ್ನು ಕಿತ್ತು ತಂದು ತಟ್ಟೆಗೆ ಇಟ್ಟ.

ತಕ್ಕಡಿ ಅಲುಗಿತು. ಸಮ ನಿಂತಿತು.

ನೋಡಿದಿರಾ ಮಕ್ಕಳೇ? ಅತಿಯಾದರೆ ಅಮೃತವೂ ವಿಷ. ಗಿಡಕ್ಕೆ ಉಣಿಸುವವರು ಹೊತ್ತು ನೋಡಬೇಕು, ಅಳತೆ ನೋಡಬೇಕು. ಕದ್ದ ವಿದ್ಯೆಯಲ್ಲಿ ಪುಡಿ ಕೈಗೆ ಬರುತ್ತೆ, ಅಳತೆ ಬರೋಲ್ಲ. ಏಳಿ ಈಗ, ಸಾರಿಗೆ ಉಪ್ಪು ಹಾಕಬೇಕು. ಚಿಟಿಕೆ ಸಾಕು!